ಹೀಟರ್ ದೀಪ ಆರುವವರೆಗೆ

ಕೀಲಿ ತಿರುಗಿಸಿದ ಕೂಡಲೇ ಹೊರಟುಬಿಡಬೇಕು ಎನ್ನುವವರಿಗೆ ಹಳೆಯ ಡೀಸೆಲ್ ಕಾರು ಹೇಳಿ ಮಾಡಿಸಿದ್ದಲ್ಲ. ಕೀಲಿಯನ್ನು ಅರ್ಧಕ್ಕೆ ನಿಲ್ಲಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಚಿತ್ರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಅದು ಆರುವವರೆಗೆ ಸೆಲ್ಫ್ ಹೊಡೆಯುವಂತಿಲ್ಲ. 1970ರ ದಶಕದ ಜರ್ಮನ್ ಡೀಸೆಲ್ ಕಾರುಗಳಲ್ಲಿ, ಹಿಮ ಬಿದ್ದ ಬೆಳಗಿನಲ್ಲಿ ಈ ಕಾಯುವಿಕೆ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತಿತ್ತು. ಜರ್ಮನರು ಅದನ್ನು ‘ರುಡಾಲ್ಫ್ ಡೀಸೆಲ್ ಸ್ಮರಣಾರ್ಥ ಒಂದು ನಿಮಿಷ’ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಜೀಪು, ಟ್ರ್ಯಾಕ್ಸ್ ಓಡಿಸಿದವರಿಗೂ ಆ ದೀಪದ ಪರಿಚಯ ಚೆನ್ನಾಗಿಯೇ ಇದೆ.

ಆ ಒಂದು ನಿಮಿಷದಲ್ಲಿ ಒಳಗೆ ಏನು ನಡೆಯುತ್ತದೆ ಎಂದು ತಿಳಿದವರ ಗಾಡಿ ಮೂವತ್ತು, ನಲವತ್ತು ವರ್ಷ ಬಾಳುತ್ತದೆ. ತಿಳಿಯದವರು ಸೆಲ್ಫ್ ಹೊಡೆದು ಹೊಡೆದು ಸುಡುತ್ತಾರೆ, ಬ್ಯಾಟರಿ ಬರಿದು ಮಾಡುತ್ತಾರೆ, ಕೊನೆಗೆ ಡೀಸೆಲ್ ಗಾಡಿ ಚಳಿಗೆ ಆಗಿಬರುವುದಿಲ್ಲ ಎಂದು ಗುಜರಿಗೆ ಕಳಿಸುತ್ತಾರೆ. ಹಾಗೆ ಹೋದ ಎಷ್ಟೋ ಗಾಡಿಗಳಲ್ಲಿ ಕೆಟ್ಟಿದ್ದು ಒಂದು ಪ್ಲಗ್ಗೋ, ಒಂದು ಅರ್ಥ್ ವೈರೋ, ಅಳತೆ ತಪ್ಪಿದ ಟ್ಯಾಪೆಟ್ಟೋ ಅಷ್ಟೇ ಇರುತ್ತದೆ. ಚಳಿಯಲ್ಲಿ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗುವುದು ಅದೃಷ್ಟದ ಮಾತಲ್ಲ. ಅದು ಶಾಖದ ಲೆಕ್ಕ. ಎಲ್ಲಿ ಎಷ್ಟು ಶಾಖ ಸೋರಿತು ಎಂದು ಹುಡುಕಿದರೆ ಉತ್ತರ ಸಿಕ್ಕೇ ಸಿಗುತ್ತದೆ.

ಲೆಕ್ಕ ಮಾಡಲು ನಾನು ಆರಿಸಿಕೊಳ್ಳುವ ಇಂಜಿನ್ ಮರ್ಸಿಡಿಸ್ ಬೆಂಜ್‌ನ ಓಎಂ 616. ನಾಲ್ಕು ಸಿಲಿಂಡರ್, 2.4 ಲೀಟರ್. 1973ರಲ್ಲಿ 240 ಡಿ ಎಂಬ ಕಾರಿನಲ್ಲಿ ಬಂದಿತು. 1976ರಿಂದ 1985ರವರೆಗೆ ತಯಾರಾದ ಡಬ್ಲ್ಯು 123 ಮಾದರಿಯ 240 ಡಿ ಇದೇ ಇಂಜಿನ್ನಿನಿಂದ ಹೆಸರಾಯಿತು. ಮೊದಲಿಗೆ ಅದರ ಶಕ್ತಿ 65 ಅಶ್ವಶಕ್ತಿ, ಆಮೇಲೆ 72. ಅಂದರೆ ಇಂದಿನ ಎಷ್ಟೋ ಸಣ್ಣ ಕಾರುಗಳಿಗಿಂತ ದುರ್ಬಲ. ಆದರೆ ಬಾಳಿಕೆಯಲ್ಲಿ ಅದನ್ನು ಮೀರಿಸಿದ್ದು ವಿರಳ. ಗ್ರೀಸಿನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕರೊಬ್ಬರು ತಮ್ಮ 1976ರ 240 ಡಿಯನ್ನು, ನಡುನಡುವೆ ಇಂಜಿನ್ ಬದಲಿಸುತ್ತ, 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಒಪ್ಪಿಸಿದರು.

ಈ ಇಂಜಿನ್ ನಮಗೆ ಪರದೇಶಿಯಲ್ಲ. ಇಂದು ಫೋರ್ಸ್ ಮೋಟರ್ಸ್ ಎನ್ನುವ ಅಂದಿನ ಬಜಾಜ್ ಟೆಂಪೋ, ಮರ್ಸಿಡಿಸ್‌ನಿಂದ ಲೈಸೆನ್ಸ್ ಪಡೆದು ಇದನ್ನು ಭಾರತದಲ್ಲೇ ತಯಾರಿಸಿತು. 1980ರ ದಶಕದ ಕೊನೆಯಲ್ಲಿ ಬಂದ ಟೆಂಪೋ ಟ್ರಾವೆಲರ್‌ನಲ್ಲಿ, ಟ್ರ್ಯಾಕ್ಸ್‌ನಲ್ಲಿ ಇದ್ದದ್ದು ಇದೇ. ಮಲೆನಾಡಿನಲ್ಲಿ ಬಸ್ಸಿಲ್ಲದ ಊರಿಂದ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಟ್ರ್ಯಾಕ್ಸ್ ಹತ್ತಿ ಹೋದವರು ತಮಗೆ ಗೊತ್ತಿಲ್ಲದೆಯೇ ಸ್ಟಟ್‌ಗಾರ್ಟಿನ ಟ್ಯಾಕ್ಸಿಯ ಇಂಜಿನ್ ಹಿಂದೆ ಕೂತಿದ್ದರು. ಜರ್ಮನಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎದ್ದ ಇಂಜಿನ್ ಇಲ್ಲಿ 12 ಡಿಗ್ರಿಯಲ್ಲೇ ಮುಷ್ಕರ ಹೂಡಿದರೆ ತಪ್ಪು ಹವೆಯದ್ದಂತೂ ಇರಲಾರದು.

ಪೆಟ್ರೋಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಉಂಟು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಇಂಧನ ಚಿಮ್ಮಿಸಿ ಉರಿಸುವುದು ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ನಡೆಸಿ ತೋರಿಸಿದ ಉಪಾಯ. ಓಎಂ 616 ತಾನು ಎಳೆದುಕೊಂಡ ಗಾಳಿಯನ್ನು ಇಪ್ಪತ್ತೊಂದನೇ ಒಂದು ಪಾಲಿಗೆ ಕುಗ್ಗಿಸುತ್ತದೆ. ಒಂದಿಷ್ಟೂ ಶಾಖ ಹೊರಗೆ ಹೋಗಲಿಲ್ಲ, ಒಂದಿಷ್ಟೂ ಗಾಳಿ ಸೋರಲಿಲ್ಲ ಎಂದುಕೊಂಡರೆ, 15 ಡಿಗ್ರಿಯ ಗಾಳಿ ಹೀಗೆ ಕುಗ್ಗಿದಾಗ 700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅದೇ ಗಾಳಿ ಮೈನಸ್ 18ರಲ್ಲಿದ್ದರೆ 590ರ ಆಸುಪಾಸಿಗೆ ನಿಲ್ಲುತ್ತದೆ. ಹೊರಗಿನ 33 ಡಿಗ್ರಿಯ ವ್ಯತ್ಯಾಸ ಒಳಗೆ 110 ಡಿಗ್ರಿಯಾಗುತ್ತದೆ. ಚಳಿಯ ಮೊದಲ ಪೆಟ್ಟು ಇದು.

ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಇಂಜಿನ್ ರಾತ್ರಿಯಿಡೀ ತಣಿದ ಕಬ್ಬಿಣದ ರಾಶಿ. ಗಾಳಿ ಕಾಯುತ್ತಿದ್ದಂತೆಯೇ ಆ ಕಬ್ಬಿಣ ಶಾಖವನ್ನು ಹೀರಿಕೊಳ್ಳುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿಸಿದಷ್ಟೂ ಹೀರಲು ಹೆಚ್ಚು ಸಮಯ ಸಿಗುತ್ತದೆ, ಪಿಸ್ಟನ್ ರಿಂಗುಗಳ ಸಂದಿನಿಂದ ಗಾಳಿ ನುಸುಳಲೂ ಅಷ್ಟೇ ಸಮಯ ಸಿಗುತ್ತದೆ. ಹೀಗಾಗಿ ಕಡುಚಳಿಯಲ್ಲಿ ಆ 590ರ ಬದಲು 300ಕ್ಕೂ ಕೆಳಗೆ ನಿಲ್ಲುವುದುಂಟು. ಪ್ರಯೋಗಾಲಯದಲ್ಲಿ ಡೀಸೆಲ್ 210ರಿಂದ 250 ಡಿಗ್ರಿಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ಅಲ್ಲಿ ಅದಕ್ಕೆ ಪುರಸೊತ್ತು ಇರುತ್ತದೆ. ಇಂಜಿನ್ನಿನಲ್ಲಿ ಸೆಕೆಂಡಿನ ಒಂದು ಚೂರಿನೊಳಗೆ ಹೊತ್ತಿಕೊಳ್ಳಬೇಕು, ಇಲ್ಲದಿದ್ದರೆ ಪಿಸ್ಟನ್ ಕೆಳಗಿಳಿದು ಗಾಳಿ ಮತ್ತೆ ತಣ್ಣಗಾಗುತ್ತದೆ. ಹೊತ್ತಿಕೊಳ್ಳದ ಇಂಧನ ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಅದು ಉರಿದ ಹೊಗೆಯಲ್ಲ, ಉರಿಯಲಾಗದ ಡೀಸೆಲ್ಲಿನ ಮಂಜು.

ಹಳೆಯ ಲಾರಿ ಚಾಲಕರು ಇಲ್ಲೊಂದು ಪ್ರಶ್ನೆ ಎತ್ತುತ್ತಾರೆ. ನಮ್ಮ ಲಾರಿಗೆ ಹೀಟರೇ ಇಲ್ಲ, ಆದರೂ ಒಂದೇ ಸೆಲ್ಫಿಗೆ ಎದ್ದು ನಿಲ್ಲುತ್ತದಲ್ಲ? ನ್ಯಾಯವಾದ ಪ್ರಶ್ನೆ. ಲಾರಿ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ನಾಜಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆಯೇ ಇಂಧನ ಚಿಮ್ಮಿಸುತ್ತದೆ. ಹಳೆಯ ಡೀಸೆಲ್ ಕಾರುಗಳಲ್ಲಿ ಹಾಗಲ್ಲ. ಸಿಲಿಂಡರ್ ಹೆಡ್ಡಿನೊಳಗೆ ಒಂದು ಪುಟ್ಟ ಕೋಣೆ ಇರುತ್ತದೆ. ಇಂಧನ ಮೊದಲು ಅಲ್ಲಿ ಹೊತ್ತಿಕೊಂಡು, ಸಣ್ಣ ತೂತುಗಳ ಮೂಲಕ ಕೆಳಗಿನ ಸಿಲಿಂಡರಿಗೆ ನುಗ್ಗುತ್ತದೆ. ಬೆಂಜ್ ಕಂಪನಿಯ ಎಂಜಿನಿಯರ್ ಪ್ರಾಸ್ಪರ್ ಲೊರಾಂಜ್ 1909ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದು. ಇದರಿಂದ ಡೀಸೆಲ್ಲಿನ ಬಡಿತ ತಗ್ಗಿತು, ಇಂಜಿನ್ ಸಣ್ಣದಾಯಿತು. 1936ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡ ಮರ್ಸಿಡಿಸ್ 260 ಡಿ ಕಾರು ಸಾಧ್ಯವಾದದ್ದೇ ಈ ಕೋಣೆಯಿಂದ. ಅದಕ್ಕೆ ತೆತ್ತ ಬೆಲೆ ಚಳಿಗಾಲದ್ದು. ಕೋಣೆಯ ಗೋಡೆಗಳು ಗಾಳಿಯ ಶಾಖವನ್ನು ಮತ್ತಷ್ಟು ಹೀರುತ್ತವೆ. ಆದ್ದರಿಂದಲೇ ಲಾರಿಗೆ ಬೇಡವಾದ ಹೀಟರ್ ಪ್ಲಗ್ ಕಾರಿಗೆ ಬೇಕೇ ಬೇಕು.

ಹೀಟರ್ ಪ್ಲಗ್ ಎಂದರೆ ಆ ಕೋಣೆಯೊಳಗೆ ತುದಿ ಚಾಚಿಕೊಂಡಿರುವ ವಿದ್ಯುತ್ ಕಡ್ಡಿ. ಬ್ಯಾಟರಿಯ ಕರೆಂಟಿನಿಂದ ಅದರ ತುದಿ ಕೆಂಪಗೆ ಕಾಯುತ್ತದೆ, ಸುಮಾರು 850 ಡಿಗ್ರಿಗೆ. ಚಿಮ್ಮಿದ ಇಂಧನದ ಒಂದಿಷ್ಟು ಆ ತುದಿಗೆ ತಾಗಿ ಹೊತ್ತಿಕೊಂಡರೆ ಸಾಕು, ಉಳಿದದ್ದು ಅದರ ಬೆನ್ನು ಹಿಡಿಯುತ್ತದೆ. ಅನೇಕರು ಇದನ್ನು ಸ್ಪಾರ್ಕ್ ಪ್ಲಗ್ಗಿನ ತಮ್ಮ ಎಂದುಕೊಳ್ಳುತ್ತಾರೆ. ಸ್ಪಾರ್ಕ್ ಪ್ಲಗ್ ಇಂಜಿನ್ ಓಡುವಷ್ಟು ಹೊತ್ತೂ ಕಿಡಿ ಹಾರಿಸುತ್ತದೆ. ಹಳೆಯ ಕಾರುಗಳಲ್ಲಿ ಹೀಟರ್ ಪ್ಲಗ್ಗಿನ ಕೆಲಸ ಬೆಳಗಿನ ಆ ಒಂದು ನಿಮಿಷಕ್ಕೆ ಮುಗಿಯಿತು. ಇಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಸತ್ತಿದ್ದರೂ ಗಾಡಿಗೆ ಗೊತ್ತಾಗುವುದಿಲ್ಲ. ಹಾಗಾಗಿಯೇ ಬೇಸಿಗೆಯಲ್ಲಿ ಸತ್ತ ಪ್ಲಗ್ಗುಗಳ ಸುದ್ದಿ ಮಾಲೀಕನಿಗೆ ಮುಟ್ಟುವುದು ಡಿಸೆಂಬರಿನಲ್ಲಿ.

240 ಡಿಯ ಮೊದಲ ವರ್ಷಗಳ ಪ್ಲಗ್ಗುಗಳಲ್ಲಿ ತುದಿಗೆ ಬರಿಯ ತಂತಿಯ ಸುರುಳಿ ಇತ್ತು, ಮತ್ತು ನಾಲ್ಕನ್ನೂ ಒಂದರ ಹಿಂದೆ ಒಂದರಂತೆ ಜೋಡಿಸಲಾಗಿತ್ತು. ಗಣಪತಿ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಆರುವಂತೆ, ಇಲ್ಲಿ ಒಂದು ಪ್ಲಗ್ ಸುಟ್ಟರೆ ನಾಲ್ಕೂ ತಣ್ಣಗೆ. ಕಾಯುವ ವೇಗವೂ ಕಡಿಮೆ. 1980ರ ಆಗಸ್ಟಿನಿಂದ ಕಂಪನಿ ಪೆನ್ಸಿಲ್ ಆಕಾರದ ಪ್ಲಗ್ಗಿಗೆ ಬದಲಾಯಿತು. ಸುರುಳಿ ಲೋಹದ ಕವಚದೊಳಗೆ ಸೇರಿತು, ಪ್ರತಿ ಪ್ಲಗ್ಗಿಗೂ ಬೇರೆ ಬೇರೆ ವೈರ್ ಬಂತು, ಕಾಯುವ ಸಮಯ ಸೆಕೆಂಡುಗಳಿಗೆ ಇಳಿಯಿತು. ಇದರಲ್ಲಿ ಒಂದು ಪ್ಲಗ್ ಸತ್ತರೆ ಉಳಿದ ಮೂರು ಎಳೆದುಕೊಂಡು ಹೋಗುತ್ತವೆ. ಅನುಕೂಲವೇ, ಆದರೆ ಅಪಾಯವೂ ಹೌದು. ಗಾಡಿ ಮೊದಲರ್ಧ ನಿಮಿಷ ಗಡಗಡ ನಡುಗಿ, ಹೊಗೆ ಉಗುಳಿ, ಆಮೇಲೆ ಸರಿಹೋಗುತ್ತದೆ. ‘ಹಳೇ ಗಾಡಿ, ಹಾಗೇ’ ಎಂದು ಮಾಲೀಕ ಸುಮ್ಮನಾಗುತ್ತಾನೆ. ಎರಡನೆಯದು ಸಾಯುತ್ತದೆ. ಮೂರನೆಯದು ಹೋದ ಬೆಳಗ್ಗೆ ಮದುವೆಗೋ ಆಸ್ಪತ್ರೆಗೋ ಹೊರಡಬೇಕಿರುತ್ತದೆ.

ಪ್ಲಗ್ ಪರೀಕ್ಷೆಗೆ ದೊಡ್ಡ ಗ್ಯಾರೇಜ್ ಬೇಡ. ವೈರ್ ಬಿಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ತಲೆಗೆ, ಇನ್ನೊಂದು ಇಂಜಿನ್ ಮೈಗೆ ಹಿಡಿದರೆ ಒಳ್ಳೆಯ ಪೆನ್ಸಿಲ್ ಪ್ಲಗ್ ಒಂದು ಓಮ್‌ನ ಆಸುಪಾಸು ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ. ಸತ್ತದ್ದು ಏನೂ ತೋರಿಸುವುದಿಲ್ಲ. ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಮೇಲು, ಒಂದು ಹೋಗಿದ್ದರೆ ಉಳಿದವುಗಳ ವಯಸ್ಸೂ ಅಷ್ಟೇ. ಬಿಚ್ಚುವಾಗ ಮಾತ್ರ ಅವಸರ ಬೇಡ. ವರ್ಷಗಟ್ಟಲೆ ಕೂತ ಪ್ಲಗ್ಗಿನ ಸುತ್ತ ಕರಿ ಕಟ್ಟಿ ಕಲ್ಲಾಗಿರುತ್ತದೆ. ಇಂಜಿನ್ ಬೆಚ್ಚಗಿರುವಾಗ, ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ತಿರುಗಿಸಿ ತೆಗೆಯಬೇಕು. ತುದಿ ಮುರಿದು ಒಳಗೆ ಬಿದ್ದರೆ ಕೆಲವು ನೂರು ರೂಪಾಯಿಯ ಪ್ಲಗ್ಗಿಗಾಗಿ ಹೆಡ್ ಇಳಿಸಬೇಕಾಗುತ್ತದೆ. ಹೊಸ ಪ್ಲಗ್ ಹಾಕುವ ಮೊದಲು ಆ ತೂತಿನ ಕರಿಯನ್ನೂ ಕೆರೆದು ತೆಗೆಯಬೇಕು. ಕರಿಯಲ್ಲಿ ಹೂತ ತುದಿ ಬೇಗ ಸುಡುತ್ತದೆ.

ಪ್ಲಗ್ ಹೊಸದಿದ್ದೂ ಇಂಜಿನ್ ಏಳದಿದ್ದರೆ ಮೆಕ್ಯಾನಿಕ್ಕುಗಳು ‘ಕಂಪ್ರೆಷನ್ ಹೋಗಿದೆ’ ಎಂದುಬಿಡುತ್ತಾರೆ. ಅದು ಬೋರ್ ಕೆಲಸಕ್ಕೆ, ಅಂದರೆ ದೊಡ್ಡ ಖರ್ಚಿಗೆ ದಾರಿ. ಅಷ್ಟು ದೂರ ಹೋಗುವ ಮೊದಲು ಟ್ಯಾಪೆಟ್ ನೋಡಿಸಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಓಎಂ 616ರಲ್ಲಿ ವಾಲ್ವ್‌ಗಳ ಸಂದು ತಾನಾಗಿ ಸರಿಹೋಗುವುದಿಲ್ಲ. ಸುಮಾರು 24,000 ಕಿಲೋಮೀಟರಿಗೊಮ್ಮೆ ಕೈಯಿಂದಲೇ ಹೊಂದಿಸಬೇಕು. ತಣ್ಣಗಿರುವಾಗ ಇನ್‌ಲೆಟ್ ವಾಲ್ವ್‌ಗೆ 0.10 ಮಿಲಿಮೀಟರ್, ಎಕ್ಸಾಸ್ಟ್‌ಗೆ 0.30. ಓಡಿ ಓಡಿ ವಾಲ್ವ್ ತನ್ನ ಪೀಠದಲ್ಲಿ ಸವೆದಂತೆ ಈ ಸಂದು ಮುಚ್ಚುತ್ತ ಹೋಗುತ್ತದೆ. ಪೂರ್ತಿ ಮುಚ್ಚಿದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಒತ್ತಿದ ಗಾಳಿ ಅಲ್ಲೇ ಸೋರುತ್ತದೆ. ವಿಚಿತ್ರವೆಂದರೆ ಇದರಿಂದ ಸದ್ದೇನೂ ಬರುವುದಿಲ್ಲ. ಸಂದು ಹೆಚ್ಚಾದರೆ ಟಕಟಕ ಎಂದು ಊರಿಗೆಲ್ಲ ಕೇಳಿಸುತ್ತದೆ, ಕಡಿಮೆಯಾದರೆ ಇಂಜಿನ್ ಮೊದಲಿಗಿಂತ ಮೆತ್ತಗಾದಂತೆ ಅನಿಸುತ್ತದೆ. ಮೆತ್ತಗಾಯಿತೆಂದು ಖುಷಿಪಡುತ್ತಿರುವಾಗಲೇ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತ ಬರುತ್ತದೆ. ಎರಡು ಗಂಟೆಯ ಕೆಲಸಕ್ಕೆ ಎಷ್ಟೋ ಇಂಜಿನ್‌ಗಳು ಮತ್ತೆ ಎದ್ದಿವೆ.

ಬ್ಯಾಟರಿ, ಆಯಿಲ್‌ಗಳ ವಿಷಯ ಬಹಳ ಜನರಿಗೆ ಗೊತ್ತಿರುವುದೇ. 27 ಡಿಗ್ರಿಯಲ್ಲಿ ಪೂರ್ತಿ ಬಲ ಕೊಡುವ ಸೀಸ-ಆಮ್ಲ ಬ್ಯಾಟರಿ ಮೈನಸ್ 18ರಲ್ಲಿ ಅದರ ಅರ್ಧದಷ್ಟೂ ಕೊಡುವುದಿಲ್ಲ. ಅದೇ ಹೊತ್ತಿಗೆ ಗಟ್ಟಿಯಾದ ಆಯಿಲ್ಲಿನಿಂದಾಗಿ ಇಂಜಿನ್ ಕೇಳುವ ಬಲ ಎರಡು ಪಟ್ಟಿಗೂ ಮೀರುತ್ತದೆ. ಅದಕ್ಕೇ 240 ಡಿಗೆ 88 ಆಂಪಿಯರ್-ಅವರ್‌ನ ದೊಡ್ಡ ಬ್ಯಾಟರಿ ಕೊಟ್ಟಿದ್ದರು. ಅಗ್ಗಕ್ಕೆ ಸಿಕ್ಕಿತೆಂದು ಸಣ್ಣ ಬ್ಯಾಟರಿ ಕೂರಿಸಿದರೆ ಪ್ಲಗ್ ಕಾಯಿಸುವುದರಲ್ಲೇ ಅದರ ಉಸಿರು ಹೋಗಿರುತ್ತದೆ. ಆಯಿಲ್ ಡಬ್ಬದ ಮೇಲಿನ ಅಂಕಿಯೂ ಚಳಿಯದ್ದೇ. 15ಡಬ್ಲ್ಯು ಆಯಿಲ್ಲನ್ನು ಮೈನಸ್ 20ರಲ್ಲಿ, 5ಡಬ್ಲ್ಯು ಆಯಿಲ್ಲನ್ನು ಮೈನಸ್ 30ರಲ್ಲಿ ಇಂಜಿನ್ ತಿರುಗಿಸಲು ಎಷ್ಟು ಸಲೀಸು ಎಂದು ಪರೀಕ್ಷೆ ಮಾಡುತ್ತಾರೆ. ಕರ್ನಾಟಕಕ್ಕೆ 15ಡಬ್ಲ್ಯು-40 ಧಾರಾಳ ಸಾಕು. ಇನ್ನು ಇಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ಹೋಗುವ ದಪ್ಪ ಅರ್ಥ್ ವೈರು. ಅದರ ತುದಿಯ ಹಸಿರು ಕಿಲುಬು ಕೆರೆದು ಬಿಗಿ ಮಾಡಿದರೆ ಸತ್ತಂತಿದ್ದ ಸೆಲ್ಫ್‌ಗೆ ಜೀವ ಬರುವುದನ್ನು ಯಾವ ಎಲೆಕ್ಟ್ರೀಷಿಯನ್ ಬೇಕಾದರೂ ಹೇಳುತ್ತಾರೆ.

ಇಷ್ಟೆಲ್ಲ ಇಂಜಿನ್ನಿನ ಮಾತಾಯಿತು. ಡೀಸೆಲ್ಲಿನೊಳಗೇ ಒಂದು ತೊಡಕು ಅಡಗಿದೆ, ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗವೆನಿಸುವುದು ಅದೇ. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಅಳೆಯುವ ಮಾನದಂಡಕ್ಕೆ ಸೀಟೇನ್ ಸಂಖ್ಯೆ ಎಂದು ಹೆಸರು. ಸೀಟೇನ್ ಎಂಬುದು ಹದಿನಾರು ಇಂಗಾಲದ ಪರಮಾಣುಗಳು ಒಂದೇ ಸಾಲಿನಲ್ಲಿ ನಿಂತ ಹೈಡ್ರೋಕಾರ್ಬನ್. ಅದು ಥಟ್ಟನೆ ಹೊತ್ತಿಕೊಳ್ಳುವುದರಿಂದ ಅದಕ್ಕೆ ನೂರು ಅಂಕ. ಆದರೆ ಶುದ್ಧ ಸೀಟೇನ್ 18 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಬೆಂಗಳೂರಿನ ಜನವರಿಯ ಬೆಳಗ್ಗೆ ಅದನ್ನು ಶೀಷೆಯಲ್ಲಿ ಇಟ್ಟರೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಚಳಿಯಲ್ಲಿ ಬೇಗ ಹೊತ್ತಿಕೊಳ್ಳಲಿ ಎಂದು ಯಾವ ನೇರ ಸರಪಳಿಯ ಅಣುಗಳನ್ನು ಬಯಸುತ್ತೇವೋ, ಚಳಿಯಲ್ಲಿ ಮೊದಲು ಮೇಣವಾಗುವುದೂ ಅವೇ. ಮೇಣವಾಗದಂತೆ ಆ ಅಣುಗಳನ್ನು ತೆಗೆದರೆ ಅಥವಾ ಕವಲೊಡೆಸಿದರೆ ಹೊತ್ತಿಕೊಳ್ಳುವ ಗುಣ ತಗ್ಗುತ್ತದೆ. ಚಳಿಗಾಲದ ಡೀಸೆಲ್ ತಯಾರಿಸುವ ರಿಫೈನರಿ ನಡೆಯುವುದು ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ.

ಉಷ್ಣಾಂಶ ಇಳಿದಂತೆ ಡೀಸೆಲ್ ಮೊದಲು ಮಸುಕಾಗುತ್ತದೆ, ಮೇಣದ ಸಣ್ಣ ಹರಳುಗಳು ಹುಟ್ಟುತ್ತವೆ. ಇನ್ನಷ್ಟು ಇಳಿದರೆ ಹರಳುಗಳು ಫಿಲ್ಟರಿನ ಮೇಲೆ ಪದರ ಕಟ್ಟುತ್ತವೆ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ದ್ರವವಾಗಿಯೇ ಇರುತ್ತದೆ, ಆದರೆ ಪಂಪಿಗೆ ತಲುಪುವುದಿಲ್ಲ. ಇಂಜಿನ್ ಸ್ಟಾರ್ಟ್ ಆಗಿ, ಪಂಪಿನಲ್ಲಿದ್ದ ಅಷ್ಟಿಷ್ಟು ಮುಗಿಯುವವರೆಗೆ ಒಂದೆರಡು ಫರ್ಲಾಂಗ್ ಓಡಿ, ದಾರಿಯಲ್ಲಿ ಆರಿಬಿಡುತ್ತದೆ. ಇದಕ್ಕೆ ಸೇರಿಸುವ ರಾಸಾಯನಿಕಗಳಿವೆ. ಅವು ಮೇಣ ಹುಟ್ಟುವುದನ್ನು ತಡೆಯುವುದಿಲ್ಲ, ಅಗಲ ಹಾಳೆಯಂತೆ ಬೆಳೆಯುವ ಹರಳನ್ನು ಸಣ್ಣ ಸಣ್ಣ ಸೂಜಿಗಳಾಗಿ ಉಳಿಸುತ್ತವೆ. ಸೂಜಿಗಳು ಫಿಲ್ಟರಿನಲ್ಲಿ ಒಂದರ ಮೇಲೊಂದು ಕೂತರೂ ಸಂದಿನಲ್ಲಿ ಡೀಸೆಲ್ ಹರಿಯುತ್ತದೆ. ಇಷ್ಟು ತಿಳಿದರೆ ಇನ್ನೊಂದೂ ತಿಳಿಯುತ್ತದೆ: ಈ ರಾಸಾಯನಿಕವನ್ನು ಮೇಣ ಕಟ್ಟುವ ಮೊದಲೇ ಬೆರೆಸಬೇಕು. ಕಟ್ಟಿದ ಮೇಲೆ ಟ್ಯಾಂಕಿಗೆ ಸುರಿದರೆ ಹಣ ದಂಡ.

ಜರ್ಮನಿಯಲ್ಲಿ ಈ ಕೆಲಸವನ್ನು ಪಂಚಾಂಗದಂತೆ ದಿನಾಂಕ ಹಿಡಿದು ಮಾಡುತ್ತಾರೆ. ನವೆಂಬರ್ 16ರಿಂದ ಫೆಬ್ರವರಿ ಕೊನೆಯವರೆಗೆ ಬಂಕಿನಲ್ಲಿ ಸಿಗುವ ಡೀಸೆಲ್ ಮೈನಸ್ 20ರಲ್ಲೂ ಫಿಲ್ಟರ್ ದಾಟಬೇಕು. ಬೇಸಿಗೆಯದ್ದಕ್ಕೆ ಸೊನ್ನೆ ಡಿಗ್ರಿ ಸಾಕು. ನಮ್ಮ ಭಾರತೀಯ ಮಾನಕದಲ್ಲಿ ಈ ಮಿತಿ ಚಳಿಗಾಲಕ್ಕೆ 6 ಡಿಗ್ರಿ, ಬೇಸಿಗೆಗೆ 18. ನಮ್ಮ ಬಯಲುಸೀಮೆಗೆ ಇದು ಸಾಕೇ ಸಾಕು. ಲಡಾಖಿಗೆ ಏನೇನೂ ಸಾಲದು. ಮೈನಸ್ 30ರವರೆಗೆ ಇಳಿಯುವ ಲೇಹ್, ಕಾರ್ಗಿಲ್‌ಗಳಲ್ಲಿ ದಶಕಗಳ ಕಾಲ ಲಾರಿ ಚಾಲಕರು ಟ್ಯಾಂಕಿನ ಕೆಳಗೆ, ಆಯಿಲ್ ಚೇಂಬರಿನ ಕೆಳಗೆ ಬೆಂಕಿ ಹಾಕಿ, ಸ್ಟೌ ಹಚ್ಚಿ ಗಾಡಿ ಎಬ್ಬಿಸುತ್ತಿದ್ದರು. ಇಂಡಿಯನ್ ಆಯಿಲ್ ತನ್ನ ಪಾಣಿಪತ್ ರಿಫೈನರಿಯಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಯಾರಿಸಿ ಅಲ್ಲಿಗೆ ಕಳಿಸಲು ಆರಂಭಿಸಿದ್ದು 2019ರ ನವೆಂಬರಿನಲ್ಲಿ. ಊರುಗಳಲ್ಲಿ ಜನರು ಅಷ್ಟು ವರ್ಷ ಬಯಲಿನ ಡೀಸೆಲ್ ಇಟ್ಟುಕೊಂಡೇ ಹೆಣಗಿದರು. ಇದು ಎಷ್ಟೋ ಮೊದಲೇ ಆಗಬೇಕಿದ್ದ ಕೆಲಸ ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೆಂಗಳೂರಿನಿಂದ ಹಳೆಯ ಜೀಪಿನಲ್ಲಿ ಸ್ಪಿತಿಗೋ ಲೇಹ್‌ಗೋ ಹೊರಡುವ ಹುಡುಗರು ಈ ಅಂಕಿಗಳನ್ನು ನೆನಪಿಡಬೇಕು. ಬಯಲಿನ ಬಂಕಿನಲ್ಲಿ ತುಂಬಿಸಿದ ಡೀಸೆಲ್ಲನ್ನು ಟ್ಯಾಂಕಿನಲ್ಲಿಟ್ಟುಕೊಂಡು ರಾತ್ರಿ ಘಟ್ಟದ ಮೇಲೆ ನಿಲ್ಲಿಸಿದರೆ, ಹೀಟರ್ ಪ್ಲಗ್ ಎಷ್ಟೇ ಹೊಸದಿದ್ದರೂ ಬೆಳಗ್ಗೆ ಪ್ರಯೋಜನಕ್ಕೆ ಬರುವುದಿಲ್ಲ. ಮೇಲೆ ಹತ್ತುವ ಮೊದಲು ಟ್ಯಾಂಕ್ ಖಾಲಿಯಾಗುತ್ತ ಬಂದಿರಬೇಕು, ಸ್ಥಳೀಯ ಚಳಿಗಾಲದ ಡೀಸೆಲ್ ಸಿಗುವಲ್ಲಿ ತುಂಬಿಸಬೇಕು, ಅದನ್ನು ಫಿಲ್ಟರಿನವರೆಗೆ ತಲುಪುವಷ್ಟು ದೂರ ಓಡಿಸಿಯೇ ನಿಲ್ಲಿಸಬೇಕು.

ಸೀಮೆಎಣ್ಣೆ ಬೆರೆಸಿದರೆ ಆಗುವುದಿಲ್ಲವೇ ಎಂದು ಹಳಬರು ಕೇಳುತ್ತಾರೆ. ಆಗುತ್ತಿತ್ತು. ಅಂದಿನ ಮರ್ಸಿಡಿಸ್ ಕೈಪಿಡಿಗಳೇ ಕಡುಚಳಿಯಲ್ಲಿ ಮಿತಿಯೊಳಗೆ ಸೀಮೆಎಣ್ಣೆ ಬೆರೆಸಲು ಒಪ್ಪಿದ್ದವು. ಸೀಮೆಎಣ್ಣೆಯಲ್ಲಿ ಮೇಣ ಕಡಿಮೆ, ಆದರೆ ಜಿಡ್ಡೂ ಕಡಿಮೆ. ಓಎಂ 616ರ ಸಾಲು ಪಂಪಿನ ಬಹುಭಾಗಕ್ಕೆ ಇಂಜಿನ್ ಆಯಿಲ್ಲೇ ಜಿಡ್ಡು ಕೊಡುವುದರಿಂದ ಅದು ತಾಳಿಕೊಂಡಿತು. ಡೀಸೆಲ್ಲಿನಿಂದಲೇ ಜಿಡ್ಡು ಪಡೆಯುವ ರೋಟರಿ ಪಂಪ್, ಇಂದಿನ ಕಾಮನ್ ರೈಲ್ ಪಂಪ್ ತಾಳುವುದಿಲ್ಲ, ಒಳಗೆ ಲೋಹ ಲೋಹಕ್ಕೆ ಉಜ್ಜಿ ಪುಡಿಯಾಗುತ್ತದೆ. ಪಡಿತರದ ನೀಲಿ ಸೀಮೆಎಣ್ಣೆಯನ್ನು ಗಾಡಿಗೆ ಹಾಕುವುದು ಅಪರಾಧವೂ ಹೌದು.

ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆದು ಎಬ್ಬಿಸುವ ಚಾಳಿಯ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಈಥರ್ 160 ಡಿಗ್ರಿ ಹೊತ್ತಿಗೇ ತಾನಾಗಿ ಹೊತ್ತಿಕೊಳ್ಳುತ್ತದೆ. ಕಾದ ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಿ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಅದು ಸಿಡಿಯುತ್ತದೆ. ಆ ಸದ್ದಿಗೆ ಇಂಜಿನ್ ಎದ್ದಂತೆ ಕಾಣಬಹುದು, ಆದರೆ ಒಳಗೆ ರಿಂಗು ಮುರಿಯುತ್ತದೆ, ಪಿಸ್ಟನ್ ಬಿರುಕು ಬಿಡುತ್ತದೆ. ಇದ್ದ ಕಂಪ್ರೆಷನ್ನೂ ಹೋಗಿ, ಮುಂದಿನ ಚಳಿಗೆ ಇನ್ನಷ್ಟು ಸ್ಪ್ರೇ ಬೇಕಾಗುತ್ತದೆ. ಡೀಸೆಲ್ಲಿನಲ್ಲಿ ನೆನೆಸಿದ ಬಟ್ಟೆಗೆ ಬೆಂಕಿ ಹಚ್ಚಿ ಗಾಳಿಯ ಬಾಯಿಗೆ ಹಿಡಿಯುವುದೂ ಇದೇ ಜಾತಿಯದ್ದು, ಅದರಲ್ಲಿ ಕೈಯೂ ಸುಡುತ್ತದೆ.

ಶಾಖ ಕೊಡುವ ಸಭ್ಯ ದಾರಿ ಅಮೆರಿಕ, ಕೆನಡಾಗಳ ಉತ್ತರದ ಊರುಗಳಲ್ಲಿದೆ. ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ 1949ರಲ್ಲಿ ಪೇಟೆಂಟ್ ಪಡೆದ ಇಂಜಿನ್ ಹೀಟರಿನಿಂದ ಆರಂಭವಾಗಿ, ಅಲ್ಲಿ ಇಂಜಿನ್ನಿನ ನೀರನ್ನು ಮನೆಯ ಕರೆಂಟಿನಿಂದ ಬೆಚ್ಚಗಿಡುವುದು ರೂಢಿಯಾಯಿತು. ಎಡ್ಮಂಟನ್ನಿಗೋ ವಿನಿಪೆಗ್ಗಿಗೋ ಹೊಸದಾಗಿ ಹೋದ ಕನ್ನಡಿಗರು ಕಾರುಗಳ ಮೂತಿಯಿಂದ ಕರೆಂಟಿನ ಪಿನ್ ಜೋತಾಡುವುದನ್ನು ಕಂಡು, ಇವೆಲ್ಲ ಎಲೆಕ್ಟ್ರಿಕ್ ಕಾರುಗಳೇ ಎಂದು ಕೇಳುವುದುಂಟು. ಹೊರಡುವ ಎರಡು ಮೂರು ಗಂಟೆ ಮೊದಲು ಪಿನ್ ಚುಚ್ಚಿದರೆ ಸಾಕು. ಕಬ್ಬಿಣವೇ ಬೆಚ್ಚಗಿರುವುದರಿಂದ ಗಾಳಿಯ ಶಾಖ ಉಳಿಯುತ್ತದೆ, ಆಯಿಲ್ ತೆಳ್ಳಗಿರುತ್ತದೆ, ಬ್ಯಾಟರಿಯ ಹೊರೆ ಇಳಿಯುತ್ತದೆ.

ಏಳದ ಇಂಜಿನ್ನಿನ ಮುಂದೆ ನಿಂತಾಗ ಮೊದಲು ಸೈಲೆನ್ಸರ್ ನೋಡಿ. ಸೆಲ್ಫ್ ಚುರುಕಾಗಿ ತಿರುಗುತ್ತಿದೆ, ಬಿಳಿ ಹೊಗೆ ಬರುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ ಎಂದರೆ ಇಂಧನ ತಲುಪಿದೆ, ಶಾಖ ಸಾಲದು. ಪ್ಲಗ್, ಟ್ಯಾಪೆಟ್, ಕಂಪ್ರೆಷನ್ ಈ ಕ್ರಮದಲ್ಲಿ ಹುಡುಕಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ. ನಮ್ಮ ಕಡೆ ಅದಕ್ಕೆ ಮೇಣ ಕಾರಣವಾಗುವುದು ಬಹಳ ಅಪರೂಪ. ಪೈಪಿನ ಬಿರಿದ ರಬ್ಬರಿನಿಂದ ರಾತ್ರಿ ಏರ್ ಹಿಡಿದಿರುತ್ತದೆ, ಇಲ್ಲವೇ ಫಿಲ್ಟರಿನ ತಳದಲ್ಲಿ ನೀರು ನಿಂತಿರುತ್ತದೆ. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ನೋಡಿ. ಸೆಲ್ಫೇ ಎಳೆಎಳೆದು ತಿರುಗಿದರೆ ಮಿಕ್ಕಿದ್ದನ್ನೆಲ್ಲ ಬಿಟ್ಟು ಬ್ಯಾಟರಿ, ಅರ್ಥ್ ಕಡೆ ಹೋಗಿ. ಸೆಲ್ಫ್ ಹೊಡೆಯುವಾಗ ಕ್ಲಚ್ ಒತ್ತಿಡಿ, ಗೇರ್‌ಬಾಕ್ಸಿನ ಗಟ್ಟಿ ಆಯಿಲ್ ಕಲಕುವ ಹೊರೆ ತಪ್ಪುತ್ತದೆ. ಒಂದೇ ಸಮನೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊಡೆಯಬೇಡಿ. ನಿಲ್ಲಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ಪೂರ್ತಿ ಹೀಟರ್ ಕೊಟ್ಟು ಪ್ರಯತ್ನಿಸಿ. ಎದ್ದ ತಕ್ಷಣ ಆಕ್ಸಿಲರೇಟರ್ ತುಳಿದು ಅಬ್ಬರಿಸಬೇಡಿ, ಆಯಿಲ್ ಇನ್ನೂ ಮೇಲೆ ತಲುಪಿರುವುದಿಲ್ಲ.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೀದರ್, ಚಿಕ್ಕಮಗಳೂರು, ಕೊಡಗಿನ ಬೆಳಗುಗಳು ಕೆಲವು ವರ್ಷ ಒಂದಂಕಿಗೆ ಇಳಿಯುತ್ತವೆ. ಸರಿಯಿರುವ ಹಳೆಯ ಡೀಸೆಲ್ ಇಂಜಿನ್ನಿಗೆ ಇದು ಚಳಿಯೇ ಅಲ್ಲ. ಹಾಗಾದ್ದರಿಂದ ನಮ್ಮ ಚಳಿಗೆ ಒಂದು ಒಳ್ಳೆಯ ಉಪಯೋಗವಿದೆ. ಹಳೆಯ ಟ್ರ್ಯಾಕ್ಸನ್ನೋ ಜೀಪನ್ನೋ ಕೊಳ್ಳುವುದಿದ್ದರೆ ಡಿಸೆಂಬರಿನಲ್ಲಿ, ಬೆಳಗ್ಗೆ ಆರೂವರೆಗೆ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿಡಿ. ಬಾನೆಟ್ ಎತ್ತಿ ಇಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಮರುದಿನ ಬರುತ್ತೇನೆ ಎಂದು ಹೇಳಿ ಹೊರಡಿ. ತಣ್ಣಗಿದ್ದರೆ ಹೀಟರ್ ದೀಪ ಆರಿದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಅದು ಏಳಬೇಕು. ಅರ್ಧ ನಿಮಿಷದ ಹೊಗೆ, ನಡುಕ ಇದ್ದರೆ ನಾಲ್ಕು ಪ್ಲಗ್ಗಿನ ದುಡ್ಡು ಕಡಿಮೆ ಮಾಡಿ ಮಾತಾಡಿ. ಐದು ನಿಮಿಷ ಕಳೆದರೂ ಬಿಳಿ ಹೊಗೆ ನಿಲ್ಲದಿದ್ದರೆ ಟ್ಯಾಪೆಟ್ ಹೊಂದಿಸಿ, ಇಂಜಿನ್ ಬಿಸಿ ಮಾಡಿ, ಪ್ಲಗ್ ತೂತಿನಲ್ಲಿ ಗೇಜ್ ಕೂರಿಸಿ ಕಂಪ್ರೆಷನ್ ಅಳೆಸಿ. ಓಎಂ 616 ಹೊಸದಿದ್ದಾಗ 24 ಬಾರ್ ಆಸುಪಾಸು ತೋರಿಸುತ್ತದೆ. 15ಕ್ಕಿಂತ ಇಳಿದಿದ್ದರೆ, ಅಥವಾ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 3 ಬಾರ್‌ಗಿಂತ ಹೆಚ್ಚು ಅಂತರವಿದ್ದರೆ ಅದು ಬೋರ್ ಕೆಲಸದ ಗಾಡಿ. ನಾಲ್ಕೂ ಅಂಕಿಗಳನ್ನು ಮೆಕ್ಯಾನಿಕ್ ಕೈಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡ ಮೇಲೆಯೇ ಬೆಲೆಯ ಮಾತಿಗೆ ಕೂರಿ.